ಮಗುವಿನ ಕಾಯಿಲೆ, ಮನೆಮಂದಿಯ ಮೌನ



ಮನೆ ಮಂತ್ರಿಸಲು ಗುರುಗಳು ಬರುತ್ತಾರೆಂದರೆ ಎಲ್ಲ ಮನೆಗಳಲ್ಲೂ ಸ್ವಲ್ಪ ಗಡಿಬಿಡಿ. ನೆಲ ಒರೆಸಿ, ಪೀಠದ ಮೇಲೆ ಮೇಣದ ಬತ್ತಿ ಹಚ್ಚಿ, ಮಕ್ಕಳಿಗೆ ಒಳ್ಳೆಯ ಬಟ್ಟೆ ತೊಡಿಸಿ ಕಾಯುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಮನೆಗೆ ಹೋಗಿದ್ದೆ. ಪ್ರಾರ್ಥನೆ ಮುಗಿಸಿ, ಒಂದೊಂದು ಕೋಣೆಗೂ ಮಂತ್ರಿಸಿದ ನೀರು ಚಿಮುಕಿಸುತ್ತಾ ಅಡಿಗೆಮನೆಗೆ ಬಂದೆ. ಪಾತ್ರೆಗಳೆಲ್ಲ ಸ್ಟ್ಯಾಂಡಿನಲ್ಲಿ ಒಪ್ಪವಾಗಿದ್ದವು. ಒಂದು ತಟ್ಟೆ, ಒಂದು ಲೋಟ ಮಾತ್ರ ಬೇರೆಯಾಗಿ ಕಿಟಕಿಯ ಕಟ್ಟೆಯ ಮೇಲಿದ್ದವು. ನಾಯಿಗೆ ಇಟ್ಟಿರಬೇಕು ಎಂದುಕೊಂಡೆ. ಆ ಮನೆಯಲ್ಲಿ ನಾಯಿ ಇರಲಿಲ್ಲ. ಅದು ಆ ಮನೆಯ ಏಳು ವರ್ಷದ ಹುಡುಗನ ತಟ್ಟೆ.

ಹುಡುಗನಿಗೆ ಹರ್ನಿಯಾ ಆಪರೇಷನ್ ಮಾಡಿಸಲು ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ನಿಗೆ ಮುಂಚೆ ಮಾಡುವ ರಕ್ತಪರೀಕ್ಷೆಯಲ್ಲಿ ಅವನಿಗೆ ಹೆಪಟೈಟಿಸ್ ಬಿ ಇದೆಯೆಂದು ತಿಳಿಯಿತು. ಅಲ್ಲಿಯವರೆಗೆ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಶಾಲೆಗೆ ಹೋಗುತ್ತಿದ್ದ, ಕ್ರಿಕೆಟ್ ಆಡುತ್ತಿದ್ದ, ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಗಲಾಟೆ ಮಾಡಿ ಬೈಸಿಕೊಳ್ಳುತ್ತಿದ್ದ. ವೈದ್ಯರು ತಂದೆತಾಯಿಯರ ರಕ್ತವನ್ನೂ ಪರೀಕ್ಷಿಸಿದರು. ತಂದೆಗೆ ಏನೂ ಇರಲಿಲ್ಲ. ತಾಯಿಗೆ ಇತ್ತು.

"ಸ್ವಾಮಿ, ಇದು ನಮ್ಮ ವಂಶದ್ದಲ್ಲ. ಇವಳು ತವರಿಂದ ತಂದದ್ದು," ಎಂದರು ಹುಡುಗನ ಅಜ್ಜಿ, ಸೊಸೆಯ ಎದುರಿಗೇ. ಸೊಸೆ ತಲೆ ಎತ್ತಲಿಲ್ಲ. ಆಕೆ ಆಗ ಐದು ತಿಂಗಳ ಗರ್ಭಿಣಿ. ನಾನು ಹೊರಡುವಾಗ ಗೇಟಿನವರೆಗೆ ಬಂದು ಮೆಲ್ಲಗೆ ಕೇಳಿದರು: "ಫಾದರ್, ಈ ಸಲ ಹೆರಿಗೆಗೆ ಬೇರೆ ಊರಿನ ಆಸ್ಪತ್ರೆಗೆ ಹೋಗ್ತೀನಿ. ಅಲ್ಲಿ ಈ ವಿಷಯ ಯಾರಿಗೂ ಹೇಳೋದಿಲ್ಲ. ಹಾಗೆ ಮುಚ್ಚಿಟ್ರೆ ಪಾಪ ಆಗುತ್ತಾ?"

ಆ ಪ್ರಶ್ನೆಗೆ ಉತ್ತರಿಸುವಷ್ಟು ತಿಳಿವಳಿಕೆ ನನಗಿರಲಿಲ್ಲ. ಅಷ್ಟೇ ಅಲ್ಲ, ಆ ಮನೆಯಲ್ಲಿ ಕೊಟ್ಟ ಕಾಫಿ ಲೋಟವನ್ನು ಕೈಗೆ ತೆಗೆದುಕೊಳ್ಳುವಾಗ ನಾನೂ ಒಂದು ಕ್ಷಣ ಹಿಂಜರಿದಿದ್ದೆ. ಅದನ್ನು ಆಕೆ ಗಮನಿಸಿದ್ದರು. ಮಾರನೆಯ ದಿನ, ವೈದ್ಯರಾಗಿರುವ ಒಬ್ಬ ಧರ್ಮಭಗಿನಿಯವರ ಬಳಿ ಹೋಗಿ ಶಾಲೆಯ ಹುಡುಗನಂತೆ ಕುಳಿತು ಕೇಳಿದೆ. ಅವರಿಂದ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಇಂಥ ತಟ್ಟೆ ನಮ್ಮ ಧರ್ಮಕೇಂದ್ರಗಳ ಇನ್ನೂ ಕೆಲವು ಮನೆಗಳಲ್ಲಿ ಇದ್ದೀತು.

ಸದ್ದಿಲ್ಲದೆ ದುಡಿಯುವ ಅಂಗ

ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ ಯಕೃತ್ತು ಇದೆ. ಲಿವರ್ ಎಂದರೆ ಎಲ್ಲರಿಗೂ ಗೊತ್ತು. ದೊಡ್ಡವರಲ್ಲಿ ಅದು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಉಂಡ ಅನ್ನವನ್ನು ಮೈಗೆ ಬೇಕಾದಂತೆ ಮಾರ್ಪಡಿಸುವುದು, ವಿಷವನ್ನು ಸೋಸುವುದು, ಪಿತ್ತರಸ ತಯಾರಿಸುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು ಇವೆಲ್ಲ ಅದರ ಕೆಲಸ. ಬಹಳ ಭಾಗ ಕೆಡುವವರೆಗೂ ಅದು ನೋವೆಂದು ಹೇಳಿಕೊಳ್ಳುವುದಿಲ್ಲ.

ಯಕೃತ್ತಿಗೆ ಬರುವ ಉರಿಯೂತಕ್ಕೆ ಹೆಪಟೈಟಿಸ್ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಎಲ್ಲವನ್ನೂ ಕಾಮಾಲೆ ಎಂದೇ ಕರೆಯುತ್ತಾರೆ. ಆದರೆ ಒಳಗಿನ ವೈರಸ್‌ಗಳು ಬೇರೆ ಬೇರೆ. ಎ ಮತ್ತು ಇ ಎಂಬವು ಕೆಟ್ಟ ನೀರು, ಕೊಳಕು ಆಹಾರದಿಂದ ಬರುತ್ತವೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ವಾಸಿಯಾಗುತ್ತವೆ. ಬಿ ಮತ್ತು ಸಿ ಎಂಬವು ರಕ್ತದ ಮೂಲಕ ಬರುತ್ತವೆ ಮತ್ತು ಹಲವರಲ್ಲಿ ಹೋಗದೆ ಉಳಿದುಬಿಡುತ್ತವೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ಹೆಪಟೈಟಿಸ್ ಎನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 25 ಕೋಟಿ 40 ಲಕ್ಷ ಜನ ದೀರ್ಘಕಾಲದ ಹೆಪಟೈಟಿಸ್ ಬಿ ಹೊತ್ತು ಬದುಕುತ್ತಿದ್ದರು. ಅವರಲ್ಲಿ ಸುಮಾರು 3 ಕೋಟಿ ಜನ ನಮ್ಮ ದೇಶದವರು. ಸಿ ವೈರಸ್ ಹೊತ್ತವರು ನಮ್ಮಲ್ಲಿ ಸುಮಾರು 55 ಲಕ್ಷ. ಆದ್ದರಿಂದ ಇದು ಯಾವುದೋ ಒಂದು ಮನೆತನದ, ಒಂದು ಊರಿನ ಶಾಪವಲ್ಲ.

ವಯಸ್ಸಿನ ಲೆಕ್ಕ

ಹೆಪಟೈಟಿಸ್ ಬಿ ಮಕ್ಕಳ ವಿಷಯದಲ್ಲಿ ಏಕೆ ವಿಶೇಷ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರರಲ್ಲಿ 95 ಜನರ ದೇಹ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ತಗುಲಿದರೆ ನೂರರಲ್ಲಿ 30ರಿಂದ 50 ಮಕ್ಕಳಲ್ಲಿ ಅದು ಉಳಿಯುತ್ತದೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಕೂಸಿಗೆ ತಗುಲಿದರೆ ನೂರರಲ್ಲಿ ಸುಮಾರು 90 ಕೂಸುಗಳಲ್ಲಿ ಉಳಿದುಬಿಡುತ್ತದೆ.

ಕೂಸಿನ ರೋಗನಿರೋಧಕ ಶಕ್ತಿಗೆ ಸ್ವಂತದ್ದು ಯಾವುದು, ಪರಕೀಯ ಯಾವುದು ಎಂದು ಗುರುತಿಸುವ ಅನುಭವ ಸಾಲದು. ಅದು ವೈರಸ್ಸನ್ನು ವೈರಿಯೆಂದು ತಿಳಿಯದೆ ಮನೆಯೊಳಗೆ ಬಿಟ್ಟುಕೊಳ್ಳುತ್ತದೆ. ಜಗಳವಿಲ್ಲದ್ದರಿಂದ ಜ್ವರವಿಲ್ಲ, ಕಾಮಾಲೆಯಿಲ್ಲ, ಮಗು ಎಲ್ಲರಂತೆ ಬೆಳೆಯುತ್ತದೆ. ಆದರೆ ಹತ್ತಿಪ್ಪತ್ತು, ಮೂವತ್ತು ವರ್ಷಗಳ ಮೇಲೆ ಕೆಲವರಲ್ಲಿ ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಅಥವಾ ಕ್ಯಾನ್ಸರ್ ತಲೆದೋರುತ್ತದೆ. ದೀರ್ಘಕಾಲದ ಸೋಂಕಿರುವ ದೊಡ್ಡವರಲ್ಲಿ ನೂರಕ್ಕೆ 20ರಿಂದ 30 ಜನರಿಗೆ ಇಂಥ ಅಪಾಯವಿದೆ. ಹೆಚ್ಚಿನವರಿಗೆ ಹಾಗಾಗುವುದಿಲ್ಲ ಎಂಬುದನ್ನೂ, ಮೊದಲೇ ತಿಳಿದು ತಪಾಸಣೆಯಲ್ಲಿದ್ದರೆ ಆ ಅಪಾಯವನ್ನು ಬಹಳ ತಗ್ಗಿಸಬಹುದು ಎಂಬುದನ್ನೂ ಮರೆಯಬಾರದು.

ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ

ಕಿಟಕಿಯ ಮೇಲಿನ ತಟ್ಟೆಯ ವಿಚಾರಕ್ಕೆ ಬರೋಣ. ಹೆಪಟೈಟಿಸ್ ಬಿ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಹರಡುವುದಿಲ್ಲ. ಒಂದೇ ಲೋಟದಿಂದ ಕುಡಿಯುವುದರಿಂದ, ಅಪ್ಪಿಕೊಳ್ಳುವುದರಿಂದ, ಮುತ್ತಿಡುವುದರಿಂದ, ಕೆಮ್ಮು ಸೀನುಗಳಿಂದ, ಒಂದೇ ಬೆಂಚಿನಲ್ಲಿ ಕೂರುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ ಹರಡುವುದಿಲ್ಲ. ತಾಯಿಯ ಎದೆಹಾಲಿನಿಂದಲೂ ಹರಡುವುದಿಲ್ಲ. ಸೋಂಕಿರುವ ತಾಯಿ ಮಗುವಿಗೆ ಹಾಲೂಡಿಸಬಹುದು, ಊಡಿಸಬೇಕು. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ಇಂಥ ಮಗು ನಮ್ಮ ಮುಂದೆ ನಿಂತಿದ್ದರೆ ಹಿಂದೆ ಸರಿಯಬೇಕಾಗಿಲ್ಲ.

ಅದು ಹರಡುವುದು ಮುಖ್ಯವಾಗಿ ರಕ್ತದಿಂದ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಕೂಸಿಗೆ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದರಿಂದ, ಪರೀಕ್ಷಿಸದ ರಕ್ತ ಕೊಡುವುದರಿಂದ, ಗಂಡ ಹೆಂಡಿರ ದೇಹಸಂಬಂಧದಿಂದ. ಈ ವೈರಸ್ ಹೊರಗೆ ಒಣಗಿದ ರಕ್ತದಲ್ಲೂ ಕಡಿಮೆಯೆಂದರೆ ಏಳು ದಿನ ಬದುಕಬಲ್ಲದು. ಆದ್ದರಿಂದ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಸುವ ಸಾಧನ ಇವನ್ನು ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಜಾತ್ರೆಯಲ್ಲಿ ಹಚ್ಚೆ ಹಾಕಿಸುವಾಗ, ಮಗುವಿಗೆ ಕಿವಿ ಚುಚ್ಚಿಸುವಾಗ ಸೂಜಿ ಹೊಸದೇ ಎಂದು ಕೇಳಿ ನೋಡಬೇಕು. ಮಗುವಿಗೆ ಗಾಯವಾದರೆ ರಕ್ತವನ್ನು ಬರಿಗೈಯಿಂದ ಮುಟ್ಟದೆ, ಗಾಯ ಮುಚ್ಚಿ, ಬಿದ್ದ ರಕ್ತವನ್ನು ಬ್ಲೀಚಿಂಗ್ ದ್ರಾವಣದಿಂದ ಒರೆಸಬೇಕು.

ಸೂಜಿಯ ವಿಷಯ ಸಣ್ಣದಲ್ಲ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತಮುತ್ತ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತಾಗ, ಒಮ್ಮೆ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದ್ದು ಬೆಳಕಿಗೆ ಬಂತು. ಸಣ್ಣ ಜ್ವರಕ್ಕೂ "ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ" ಎನ್ನುವ ನಮ್ಮ ಅಭ್ಯಾಸವನ್ನೂ ಬಿಡಬೇಕು.

ಈಗ ನೋಡಿ: ಆ ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಿದ್ದರು, ಅದರ ಅಗತ್ಯವಿರಲಿಲ್ಲ. ಆದರೆ ಉಗುರು ಕತ್ತರಿಸುವ ಸಾಧನ ಇಡೀ ಮನೆಗೆ ಒಂದೇ ಇತ್ತು. ತಂದೆಗೆ, ಅಜ್ಜಿಗೆ ಲಸಿಕೆ ಹಾಕಿಸಿರಲಿಲ್ಲ. ಭಯ ಜಾಸ್ತಿಯಿತ್ತು, ಎಚ್ಚರ ಇರಲಿಲ್ಲ.

ಕಾರಣ ಬೇರೆ, ತಪ್ಪು ಬೇರೆ

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಯೇಸುವನ್ನು ಕೇಳುವ ಮೊದಲ ಪ್ರಶ್ನೆ, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂಬುದು. ಯೇಸು ಎರಡನ್ನೂ ಒಪ್ಪುವುದಿಲ್ಲ. ಅವರು ಆ ಮನುಷ್ಯನ ಹಿಂದಿನದನ್ನು ಕೆದಕದೆ ಮುಂದೆ ಆಗಬೇಕಾದ ಕೆಲಸಕ್ಕೆ ಕೈಹಚ್ಚುತ್ತಾರೆ. ಎರಡು ಸಾವಿರ ವರ್ಷಗಳಾದರೂ ನಮ್ಮ ಮನೆಗಳಲ್ಲಿ ಶಿಷ್ಯರ ಪ್ರಶ್ನೆಯೇ ಮೊದಲು ಬರುತ್ತದೆ: ಇದು ಯಾರಿಂದ ಬಂತು?

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು, ಕಾರಣ ಮತ್ತು ಹೊಣೆ ಒಂದೇ ಅಲ್ಲ ಎಂಬುದು. ಮರದ ಕೊಂಬೆ ಬಿದ್ದು ಒಬ್ಬನಿಗೆ ಪೆಟ್ಟಾದರೆ ಪೆಟ್ಟಿಗೆ ಕೊಂಬೆ ಕಾರಣ, ಆದರೆ ಕೊಂಬೆ ಅಪರಾಧಿಯಲ್ಲ. ತಪ್ಪು ಎನ್ನಬೇಕಾದರೆ ಅಲ್ಲಿ ತಿಳಿವಳಿಕೆ ಇರಬೇಕು, ಮನಸ್ಸಿನ ಒಪ್ಪಿಗೆ ಇರಬೇಕು. ಪಾಪದ ವಿಷಯದಲ್ಲಿ ನಮ್ಮ ಧರ್ಮೋಪದೇಶವೂ ಇದನ್ನೇ ಹೇಳುತ್ತದೆ. ತನಗೆ ಸೋಂಕಿದೆಯೆಂದೇ ಗೊತ್ತಿಲ್ಲದ ತಾಯಿ ಮಗುವಿಗೆ ಸೋಂಕನ್ನು "ಕೊಟ್ಟಳು" ಎನ್ನುವುದು ಹೇಗೆ? ಆಕೆಗೆ ತನ್ನ ತಾಯಿಯಿಂದ ಬಂದಿರಬಹುದು, ಆ ತಾಯಿಗೆ ಅವರ ತಾಯಿಯಿಂದ, ಅಥವಾ ಎಂದೋ ಹಾಕಿಸಿಕೊಂಡ ಇಂಜೆಕ್ಷನ್ನಿನಿಂದ. ಅಪರಾಧಿಯನ್ನು ಹುಡುಕುತ್ತಾ ಹೊರಟರೆ ಯಾವ ಅಜ್ಜಿಯ ಸಮಾಧಿಯ ಬಳಿ ನಿಲ್ಲೋಣ?

ಹಾಗೆಂದು ಕಾರಣವನ್ನು ಕೇಳಲೇಬಾರದೆಂದಲ್ಲ. ಕೇಳಬೇಕು. ತಾಯಿಯಿಂದ ಬಂದದ್ದೆಂದು ತಿಳಿದರೆ ಮಗುವಿನ ಅಣ್ಣ ತಮ್ಮ, ಅಕ್ಕ ತಂಗಿಯರನ್ನೂ ತಾಯಿಯ ಒಡಹುಟ್ಟಿದವರನ್ನೂ ಪರೀಕ್ಷಿಸಬಹುದು. ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಬಹುದು. ಮುಂದೆ ಹುಟ್ಟುವ ಮಗುವನ್ನು ಕಾಪಾಡಬಹುದು. ಆದರೆ ಕಾರಣ ಕೇಳುವ ಬಾಯಿ ತಪ್ಪು ಹೊರಿಸಲು ತೊಡಗಿದರೆ ಏನಾಗುತ್ತದೆ? ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ತವರಿನವರು ಪರೀಕ್ಷೆಗೆ ಬರುವುದಿಲ್ಲ. ಸೊಸೆ ಆಸ್ಪತ್ರೆಯ ಚೀಟಿಗಳನ್ನು ಬಚ್ಚಿಡುತ್ತಾಳೆ. ಕೊನೆಗೆ ಹೊಟ್ಟೆಯಲ್ಲಿರುವ ಕೂಸು ಅದರ ಬೆಲೆ ತೆರುತ್ತದೆ. ಈ ರೋಗಕ್ಕೆ ಒಳ್ಳೆಯ ಲಸಿಕೆ ಇರುವ ಈ ಕಾಲದಲ್ಲೂ ಅದಕ್ಕೆ ದಾರಿ ಮಾಡಿಕೊಡುವುದರಲ್ಲಿ ನಮ್ಮ ನಿಂದೆಯ ಪಾಲು ದೊಡ್ಡದು.

ಮಗುವಿನ ಮನಸ್ಸು, ಹೆತ್ತವರ ಮನಸ್ಸು

ಇಂಥ ಮಗುವಿನ ದೇಹಕ್ಕಿಂತ ಮೊದಲು ನೋಯುವುದು ಮನಸ್ಸು. ತಟ್ಟೆ ಬೇರೆಯಾಗಿದೆ, ತಂಗಿಯ ಜೊತೆ ಮಲಗಬೇಡ ಎನ್ನುತ್ತಾರೆ, ಆಟವಾಡಿದರೆ ಸುಸ್ತಾದೀತು ಎಂದು ಕೂರಿಸುತ್ತಾರೆ, ಆದರೆ ಏಕೆಂದು ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಮಗು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. "ನಾನು ಕೆಟ್ಟವನು, ಅದಕ್ಕೇ ಹೀಗೆ" ಎಂಬುದೇ ಸಾಮಾನ್ಯವಾಗಿ ಅದು ಹುಡುಕುವ ಕಾರಣ.

ಆದ್ದರಿಂದ ವಯಸ್ಸಿಗೆ ತಕ್ಕಂತೆ ಹೇಳಬೇಕು. ಆರೇಳು ವರ್ಷದ ಮಗುವಿಗೆ, "ನಿನ್ನ ರಕ್ತದಲ್ಲಿ ಒಂದು ಸಣ್ಣ ಕ್ರಿಮಿ ಇದೆ ಕಂದ. ನೀನು ಏನೂ ತಪ್ಪು ಮಾಡಿಲ್ಲ. ಗಾಯವಾದರೆ ನೀನೇ ಒರೆಸದೆ ಅಮ್ಮನನ್ನೋ ಟೀಚರನ್ನೋ ಕರಿ" ಎಂದರೆ ಸಾಕು. ಹದಿಹರೆಯಕ್ಕೆ ಬಂದಾಗ ಪೂರ್ತಿ ವಿಷಯ ತಿಳಿಸಬೇಕು. ಕುಡಿತ ತನ್ನ ಯಕೃತ್ತಿಗೆ ಇತರರಿಗಿಂತ ಹೆಚ್ಚು ಅಪಾಯವೆಂಬುದನ್ನು ಅವನು ಆಗಲೇ ಅರಿಯಬೇಕು.

ಹೆತ್ತವರ ಚಿಂತೆ ಇನ್ನೊಂದು ಬಗೆಯದು. ಮಗು ಆಡುತ್ತಾ ನಗುತ್ತಿದ್ದರೂ ತಾಯಿ ರಾತ್ರಿ ಎದ್ದು ಅದರ ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತಾಳೆ. ತಂದೆ ಮುಂದಿನ ಖರ್ಚಿನ ಲೆಕ್ಕ ಹಾಕುತ್ತಾನೆ, ಯಾರಿಗೂ ಹೇಳಿಕೊಳ್ಳದೆ ಒಳಗೇ ಕುದಿಯುತ್ತಾನೆ. ಮಗನ ಉದ್ಯೋಗದ ಚಿಂತೆಯೂ ಸುಳ್ಳಲ್ಲ. ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವವರ ವೈದ್ಯಕೀಯ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಅಥವಾ ಸಿ ಕಂಡುಬಂದರೆ ಅನರ್ಹರೆಂದು ತಿರಸ್ಕರಿಸುತ್ತಾರೆ. ಹಾಗೆ ತಿರಸ್ಕೃತನಾದ ದಿನವೇ ತನ್ನ ಸೋಂಕಿನ ವಿಷಯ ಮೊದಲ ಬಾರಿಗೆ ತಿಳಿದ ಯುವಕರಿದ್ದಾರೆ. ಮಗು ಚಿಕ್ಕದಿರುವಾಗಲೇ ಗೊತ್ತಿದ್ದರೆ ಓದು, ಉದ್ಯೋಗಗಳನ್ನು ಬೇರೆ ದಾರಿಯಲ್ಲಿ ಯೋಚಿಸಬಹುದು.

ಯಾರಿಗೆ ಹೇಳಬೇಕು ಎಂಬ ಪ್ರಶ್ನೆ ಎಲ್ಲ ಹೆತ್ತವರನ್ನೂ ಕಾಡುತ್ತದೆ. ಗುಟ್ಟು ಬೇರೆ, ಸುಳ್ಳು ಬೇರೆ. ಕೇರಿಗೆಲ್ಲ ಸಾರುವ ಕರ್ತವ್ಯ ಯಾರಿಗೂ ಇಲ್ಲ. ಮಗುವಿನ ಮಾನವನ್ನು ಕಾಯುವುದು ಹೆತ್ತವರ ಹಕ್ಕು. ಆದರೆ ವೈದ್ಯರಿಗೆ, ದಂತವೈದ್ಯರಿಗೆ, ಒಂದೇ ಸೂರಿನಡಿ ಬದುಕುವವರಿಗೆ ಹೇಳಲೇಬೇಕು. ಮುಂದೆ ಮದುವೆಯ ಮಾತು ಬಂದಾಗ ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳಬೇಕು. ಸಂಗಾತಿಗೆ ಮೊದಲೇ ಲಸಿಕೆ ಹಾಕಿಸಿ, ಅದು ಫಲಿಸಿದೆಯೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡರೆ ಇಬ್ಬರೂ ನಿಶ್ಚಿಂತೆಯಿಂದ ಸಂಸಾರ ಮಾಡಬಹುದು. ಈ ಸೋಂಕು ಮದುವೆಗೆ ಅಡ್ಡಿಯಲ್ಲ. ಮುಚ್ಚಿಟ್ಟು ಮಾಡಿದ ಮದುವೆ ಮಾತ್ರ ಅನಂತರ ಬಿರುಕು ಬಿಡುತ್ತದೆ.

ಚಿಕಿತ್ಸೆ: ಭಯವೂ ಬೇಡ, ಅಸಡ್ಡೆಯೂ ಬೇಡ

ಹೆಪಟೈಟಿಸ್ ಬಿ ಇರುವ ಎಲ್ಲ ಮಕ್ಕಳಿಗೂ ಕೂಡಲೇ ಔಷಧ ಬೇಕಾಗುವುದಿಲ್ಲ. ಹಲವು ಮಕ್ಕಳಲ್ಲಿ ವೈರಸ್ ಇದ್ದರೂ ಯಕೃತ್ತಿಗೆ ಹಾನಿಯಾಗಿರುವುದಿಲ್ಲ. ಅಂಥವರನ್ನು ವೈದ್ಯರು ಹೇಳಿದ ಅವಧಿಗೊಮ್ಮೆ, ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ, ಪರೀಕ್ಷೆಗೆ ಕರೆದೊಯ್ಯಬೇಕು. ಹಾನಿ ಆರಂಭವಾದರೆ ಅದನ್ನು ತಡೆಹಿಡಿಯುವ ಮಾತ್ರೆಗಳಿವೆ. ಅವು ವೈರಸ್ಸನ್ನು ಬೇರುಸಹಿತ ಕೀಳುವುದಿಲ್ಲ, ಅದುಮಿಡುತ್ತವೆ. "ಮಗು ಚೆನ್ನಾಗಿಯೇ ಇದೆಯಲ್ಲ" ಎಂದು ತಪಾಸಣೆ ನಿಲ್ಲಿಸುವುದು ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು.

ಹೆಪಟೈಟಿಸ್ ಸಿ ವಿಷಯದಲ್ಲಿ ಸುದ್ದಿ ಇನ್ನೂ ಒಳ್ಳೆಯದು. ಅದಕ್ಕೆ ಲಸಿಕೆ ಇಲ್ಲ, ಆದರೆ ಔಷಧವಿದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳ ಮಾತ್ರೆಗಳಿಂದ ನೂರರಲ್ಲಿ 95ಕ್ಕಿಂತ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ಮೂರು ವರ್ಷ ತುಂಬಿದ ಮಕ್ಕಳಿಗೂ ಈ ಚಿಕಿತ್ಸೆ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ನೀಡಿದೆ.

ನಮ್ಮಲ್ಲಿ ಕಾಮಾಲೆ ಎಂದೊಡನೆ ನಾಟಿ ಔಷಧಿ, ಕಠಿಣ ಪಥ್ಯ, ಕೆಲವು ಕಡೆ ಕೈಗೆ ಬರೆ ಹಾಕಿಸುವುದೂ ಉಂಟು. ಬರೆಯಿಂದ ಮಗುವಿಗೆ ಗಾಯವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ನೆಲನೆಲ್ಲಿಯ ಬಗ್ಗೆ ಹಲವರು ಕೇಳುತ್ತಾರೆ. 1988ರಲ್ಲಿ ಮದ್ರಾಸಿನ ಸಂಶೋಧಕರು ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ಹಲವರಲ್ಲಿ ಹೋಯಿತೆಂದು ಪ್ರಕಟಿಸಿದಾಗ ಜಗತ್ತೇ ಕುತೂಹಲದಿಂದ ನೋಡಿತು. ಆದರೆ ಅನಂತರ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅಂಥ ಫಲ ಕಾಣಲಿಲ್ಲ. ಅದನ್ನೇ ನಂಬಿ ಆಸ್ಪತ್ರೆ ಬಿಡುವುದು ಸರಿಯಲ್ಲ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಪುಡಿ, ಕಷಾಯಗಳು ಯಕೃತ್ತಿಗೇ ಹಾನಿ ಮಾಡಬಹುದು. ಯಕೃತ್ತು ಕೆಡದ ಮಗುವಿಗೆ ವಿಶೇಷ ಪಥ್ಯವೇನೂ ಬೇಡ. ಮನೆಯಲ್ಲಿ ಮಾಡಿದ ಅನ್ನ, ಸಾರು, ಮೊಟ್ಟೆ, ಹಣ್ಣು ಎಲ್ಲವನ್ನೂ ತಿನ್ನಲಿ, ಎಲ್ಲರಂತೆ ಓಡಿ ಆಡಲಿ.

ಖರ್ಚಿನ ಭಯದಿಂದ ಹಿಂಜರಿಯುವವರು ಒಂದು ವಿಷಯ ತಿಳಿದಿರಲಿ. ಕೇಂದ್ರ ಸರ್ಕಾರ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಅಡಿಯಲ್ಲಿ ಬಿ ಮತ್ತು ಸಿ ಎರಡಕ್ಕೂ ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಉಚಿತ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಮೊದಲ ಇಪ್ಪತ್ನಾಲ್ಕು ಗಂಟೆ

ಜುಲೈ 28 ವಿಶ್ವ ಹೆಪಟೈಟಿಸ್ ದಿನ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಬಹುಮಾನ ಪಡೆದ ಅಮೆರಿಕದ ಡಾ. ಬರೂಕ್ ಬ್ಲೂಮ್‌ಬರ್ಗ್ ಅವರು ಹುಟ್ಟಿದ ದಿನವದು. ಅವರ ಸಂಶೋಧನೆಯಿಂದ ಲಸಿಕೆ ಬಂತು. 1984ರಲ್ಲಿ ತೈವಾನ್ ದೇಶ ಈ ಲಸಿಕೆಯನ್ನು ಮೊದಲು ಸೋಂಕಿರುವ ತಾಯಂದಿರ ಕೂಸುಗಳಿಗೆ, ಎರಡು ವರ್ಷಗಳ ಬಳಿಕ ಎಲ್ಲ ಕೂಸುಗಳಿಗೂ ಹಾಕತೊಡಗಿತು. ಆಗ ಅಲ್ಲಿ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಈ ಸೋಂಕಿತ್ತು. ಹದಿನೈದು ವರ್ಷಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಮಕ್ಕಳ ಯಕೃತ್ತಿನ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿದಿದೆಯೆಂದು 1997ರಲ್ಲಿ ಅಲ್ಲಿನ ವೈದ್ಯರು ಪ್ರಕಟಿಸಿದರು. ಲಸಿಕೆಯೊಂದು ಮನುಷ್ಯರಲ್ಲಿ ಕ್ಯಾನ್ಸರನ್ನು ತಡೆದ ಮೊದಲ ನಿದರ್ಶನವದು.

ನಮ್ಮ ದೇಶದಲ್ಲಿ ಈ ಲಸಿಕೆ 2002ರಿಂದ ಕೆಲವು ಕಡೆ, 2011ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಸರ್ಕಾರಿ ಲಸಿಕೆಗಳ ಪಟ್ಟಿಗೆ ಸೇರಿತು. ಕೂಸು ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್. ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯೊಳಗೇ ಇದೂ ಇರುತ್ತದೆ. ಎಲ್ಲವೂ ಉಚಿತ. ಇವುಗಳಲ್ಲಿ ಮೊದಲ ಡೋಸ್ ಅತಿ ಮುಖ್ಯ, ತಪ್ಪಿಹೋಗುವುದೂ ಅದೇ ಹೆಚ್ಚು. ಹೆರಿಗೆಯ ಗಡಿಬಿಡಿಯಲ್ಲಿ, ರಜೆಯ ದಿನದಲ್ಲಿ, "ಕೂಸು ಸ್ವಲ್ಪ ಗಟ್ಟಿಯಾಗಲಿ" ಎಂಬ ಹಿರಿಯರ ಮಾತಿನಲ್ಲಿ ದಿನ ಕಳೆದುಹೋಗುತ್ತದೆ.

ತಾಯಿಗೆ ಸೋಂಕಿದೆಯೆಂದು ವೈದ್ಯರಿಗೆ ಮೊದಲೇ ತಿಳಿದಿದ್ದರೆ ಕೂಸಿಗೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಕೊಡುತ್ತಾರೆ. ತಾಯಿಯ ರಕ್ತದಲ್ಲಿ ವೈರಸ್ ಬಹಳವಿದ್ದರೆ ಗರ್ಭಿಣಿಯಾಗಿದ್ದಾಗಲೇ ಆಕೆಗೆ ಮಾತ್ರೆ ಕೊಡುತ್ತಾರೆ. ಇಷ್ಟನ್ನೂ ಸರಿಯಾದ ಸಮಯಕ್ಕೆ ಮಾಡಿದರೆ ಬಹುಪಾಲು ಕೂಸುಗಳು ಸೋಂಕಿಲ್ಲದೆ ಬೆಳೆಯುತ್ತವೆ.

ಆ ತಾಯಿ ಗೇಟಿನ ಬಳಿ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಮತ್ತೆ ಆ ಮನೆಗೆ ಹೋಗಿ, ಗಂಡನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಹೇಳಿದೆ: "ನೋಡಮ್ಮ, ಮಗನಿಗೆ ಬಂದದ್ದರಲ್ಲಿ ನಿನ್ನ ಪಾಪ ಏನೂ ಇಲ್ಲ. ಅದನ್ನು ಪಾಪನಿವೇದನೆಯಲ್ಲಿ ಹೇಳುವ ಅಗತ್ಯವೂ ಇಲ್ಲ. ಆದರೆ ಹುಟ್ಟಲಿರುವ ಮಗುವಿನ ವಿಷಯ ಈಗ ನಮಗೆ ಗೊತ್ತಾಗಿದೆ. ಗೊತ್ತಿದ್ದೂ ಡಾಕ್ಟರಿಗೆ ಮುಚ್ಚಿಡಬಾರದು. ಆ ಹೊಣೆ ನಿನ್ನೊಬ್ಬಳದಲ್ಲ, ಈ ಮನೆಯ ಎಲ್ಲರದು." ಆಮೇಲೆ ಅಜ್ಜಿಯ ಕಡೆ ತಿರುಗಿ, ಬೇರೆ ಲೋಟ ಬೇಡವೆಂದು ಹೇಳಿ ಕಾಫಿ ಕೇಳಿದೆ. ಈ ಸಲ ಹಿಂಜರಿಯಲಿಲ್ಲ.

ಅಜ್ಜಿ ಅಂದೇ ಬದಲಾದರೆಂದು ಹೇಳಲಾರೆ. ಆದರೆ ಹೆರಿಗೆಯ ದಿನ ತಾಯಿ ಕಾರ್ಡನ್ನೂ ರಕ್ತಪರೀಕ್ಷೆಯ ಚೀಟಿಯನ್ನೂ ಚೀಲದಲ್ಲಿ ಇಟ್ಟುಕೊಂಡು ಹೋದವರು ಅವರೇ. ಹೆಣ್ಣು ಕೂಸು ಹುಟ್ಟಿತು. ಅದೇ ದಿನ ಎರಡು ಚುಚ್ಚುಮದ್ದುಗಳನ್ನೂ ಹಾಕಿದರು. ಒಂಬತ್ತು ತಿಂಗಳು ತುಂಬಿದ ಮೇಲೆ ಪರೀಕ್ಷೆ ಮಾಡಿಸಿದಾಗ ಕೂಸಿಗೆ ಸೋಂಕು ಇರಲಿಲ್ಲ. ಹುಡುಗ ಈಗಲೂ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತಾನೆ. ಮುಂದಿನ ವರ್ಷ ಮನೆ ಮಂತ್ರಿಸಲು ಹೋದಾಗ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇರಲಿಲ್ಲ.

ಧರ್ಮಕೇಂದ್ರ ಏನು ಮಾಡಬಹುದು?

ಧರ್ಮಸಭೆಯು 1993ರಿಂದ ಪ್ರತಿ ವರ್ಷ ಫೆಬ್ರವರಿ 11ನ್ನು ವಿಶ್ವ ರೋಗಿಗಳ ದಿನವನ್ನಾಗಿ ಆಚರಿಸುತ್ತಿದೆ. ಅಂದು ರೋಗಿಗಳಿಗಾಗಿ ಬಲಿಪೂಜೆ ಅರ್ಪಿಸುವುದರ ಜೊತೆಗೆ, ಹತ್ತಿರದ ಆಸ್ಪತ್ರೆಯವರನ್ನು ಕರೆಸಿ ಹೆಪಟೈಟಿಸ್ ಬಗ್ಗೆ ಒಂದು ಗಂಟೆ ಮಾತಾಡಿಸಬಹುದು. ಮದುವೆ ಸಿದ್ಧತಾ ಶಿಬಿರದಲ್ಲಿ ಈ ಪರೀಕ್ಷೆಯ ವಿಷಯ ಸೇರಿಸಬಹುದು. ಕೂಸಿಗೆ ದೀಕ್ಷಾಸ್ನಾನ ಕೊಡಿಸಲು ಹೆಸರು ಬರೆಸಲು ಬಂದ ಹೆತ್ತವರನ್ನು, ಲಸಿಕೆಗಳನ್ನು ಸಮಯಕ್ಕೆ ಹಾಕಿಸುತ್ತಿದ್ದೀರಾ ಎಂದು ಗುರುಗಳು ಕೇಳಬಹುದು. ರೋಗಿಯ ಗುಟ್ಟನ್ನು ಕಾಯುವುದು ಮಾತ್ರ ಎಲ್ಲಕ್ಕಿಂತ ಮೊದಲು. ಯಾರ ಮನೆಯಲ್ಲಿ ಯಾವ ಕಾಯಿಲೆ ಎಂಬ ಮಾತು ದೇವಾಲಯದ ಅಂಗಳದಲ್ಲಿ ಹುಟ್ಟಲೇಬಾರದು.

ಮನೆಮಂದಿ ಮತ್ತು ಕಿರು ಕ್ರೈಸ್ತ ಸಮುದಾಯ ಕೂಡಿ ಯೋಚಿಸಲು

1. ನಮ್ಮ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಅದು ರೋಗಿಗೆ ನೆರವಾಗುತ್ತದೆಯೇ?

2. ನಮ್ಮ ಮನೆಯ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆಯ ಎಲ್ಲ ಡೋಸ್‌ಗಳೂ ಆಗಿವೆಯೇ? ಕಾರ್ಡ್ ತೆಗೆದು ನೋಡಿ. ದೊಡ್ಡವರು ಪರೀಕ್ಷೆ ಮಾಡಿಸಿದ್ದೇವೆಯೇ?

3. ನಮ್ಮ ನಡುವೆ ಕಾಯಿಲೆಯ ಕಾರಣದಿಂದ ತಟ್ಟೆ, ಹಾಸಿಗೆ, ಬೆಂಚು ಬೇರೆ ಮಾಡಿಸಿಕೊಂಡ ಮಗು ಇದೆಯೇ? ಈ ವಾರ ಆ ಮಗುವನ್ನು ನಮ್ಮ ಮನೆಗೆ ಕರೆದು, ನಮ್ಮ ಮಕ್ಕಳ ಜೊತೆ ಕೂರಿಸಿ ಊಟ ಬಡಿಸಬಲ್ಲೆವೇ?